ಉಕ್ಕುತಡೆ ತಜ್ಞ

ಹಾಲಿನ ವಿಷಯ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ನಾನು ಎಮ್ಮೆ ಕಟ್ಟಿದವನಲ್ಲ, ಡೈರಿ ಇಟ್ಟವನಲ್ಲ. ಬೆಳಿಗ್ಗೆ ಎದ್ದು ಪ್ಯಾಕೆಟ್ಟಿನ ಮೂಲೆ ಕತ್ತರಿಸುವುದಷ್ಟೇ ನನಗೂ ಹಾಲಿಗೂ ಇರುವ ಸಂಬಂಧ. ಕಥೆ ಬರೆಯುವ ಅಧಿಕಾರವಂತೂ ಮೊದಲೇ ಇಲ್ಲ. ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ. ಹಗಲು ಹೊತ್ತಿನಲ್ಲಿ ನಾನು ಕಲಿತದ್ದು ಕಡಿಮೆ. ಆದರೆ ನಮ್ಮ ಬಿಲ್ಡಿಂಗ್‌ನ ಲಿಫ್ಟಿನಲ್ಲಿ ಈ ಸಂಗತಿ ದಿನಕ್ಕೊಂದು ರೀತಿ ಬೆಳೆಯುತ್ತಿದೆ. ಮೊನ್ನೆ ಹೊಸದಾಗಿ ಬಂದ ಬಾಡಿಗೆದಾರರೊಬ್ಬರು, ಹಾಲು ತಡೆದ ಆ ಮನುಷ್ಯ ನಾನೇ ಎಂದು ತಿಳಿಯದೆ, ಅವನ ಪಾದಗಳು ಹಿಂದುಮುಂದಾಗಿವೆಯಂತೆ ಎಂದು ನನಗೇ ಹೇಳಿದರು. ನಾನು ಕೆಳಗೆ ನೋಡಿಕೊಂಡೆ. ಸರಿಯಾಗಿಯೇ ಇದ್ದವು. ಅಷ್ಟರಮಟ್ಟಿಗಾದರೂ ನಿಜ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಬಲ್ಲವರು ಮನ್ನಿಸಬೇಕು.

ನನ್ನ ಹೆಸರು ಶರಣಬಸಪ್ಪ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ತೂಕದ ಯಂತ್ರ, ನೀರಿನ ಪಂಪು ಇಂಥವುಗಳ ಹೊಟ್ಟೆಯಲ್ಲಿ ಕೂರುವ ಪುಟ್ಟ ಚಿಪ್ಪುಗಳಿಗೆ ನಾವು ಪ್ರೋಗ್ರಾಮ್ ಬರೆಯುತ್ತೇವೆ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಇಂಟಿಜರ್ ಓವರ್‌ಫ್ಲೋ ತಡೆಯುವುದು. ಚಿಪ್ಪಿನೊಳಗೆ ಪ್ರತಿಯೊಂದು ಸಂಖ್ಯೆಗೂ ಅಳತೆಯ ಪಾತ್ರೆಯೊಂದಿರುತ್ತದೆ. ಎಲ್ಲಕ್ಕಿಂತ ಚಿಕ್ಕ ಪಾತ್ರೆಯಲ್ಲಿ ಇನ್ನೂರೈವತ್ತೈದರವರೆಗೆ ಹಿಡಿಯುತ್ತದೆ. ಅದರ ಮೇಲೆ ಒಂದನ್ನು ಕೂಡಿಸಿದರೆ ಅನಾಹುತ. ಆದ್ದರಿಂದ ಕೂಡಿಸುವ ಮೊದಲೇ ಜಾಗ ಇದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ಅಂಚಿನಲ್ಲೇ ನಿಂತಿರು ಎಂದು ಸಂಖ್ಯೆಗೆ ಹೇಳಬೇಕು. ನಾನು ಎರಡಕ್ಕೆ ಎರಡು ಕೂಡಿಸುವಾಗಲೂ ಕೇಳುತ್ತೇನೆ. ನಮ್ಮ ಮಾಲೀಕರು ಒಮ್ಮೆ ನನ್ನ ಪ್ರೋಗ್ರಾಮ್ ಓದಿ, ಇದರಲ್ಲಿ ಬರೀ ವಾಚ್‌ಮನ್‌ಗಳೇ ಇದ್ದಾರೆ, ಮನೆಮಂದಿ ಎಲ್ಲಿ ಎಂದು ಕೇಳಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಗ್ರಾಂಟ್ ರೋಡಿನಲ್ಲಿ ಹೋಟೆಲ್ ನಡೆಸುವ ಪೂವಪ್ಪನವರು ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಹೋಟೆಲಿನ ಮಾಳಿಗೆಯ ಮೇಲೆ ತಿಂಗಳಿಗೊಂದು ಭಾಷಣ, ಆಮೇಲೆ ಊಟ. ಆ ತಿಂಗಳು ಬರಬೇಕಾದವರು ಬರಲಿಲ್ಲವೆಂದು ನನಗೆ ಫೋನ್ ಮಾಡಿದರು.

"ನೀವೇ ಮಾತಾಡಿ ಮಾರಾಯ್ರೆ, ನಿಮ್ಮ ಕಂಪ್ಯೂಟರ್ ಕೆಲಸದ ಮೇಲೆ. ಆದರೆ ಶುದ್ಧ ಕನ್ನಡ ಆಗಬೇಕು. ಇಂಗ್ಲಿಷ್ ಶಬ್ದ ಬಂತೋ, ಹಿಂದೆ ಕೂತವರು ಎದ್ದು ಊಟಕ್ಕೆ ಹೋಗ್ತಾರೆ."

"ಮುಂದೆ ಕೂತವರು?"

"ಮುಂದೆ ಯಾರೂ ಕೂರುವುದಿಲ್ಲ."

ಓವರ್‌ಫ್ಲೋಗೆ ಕನ್ನಡವೇನೆಂದು ಲೋಕಲ್‌ನಲ್ಲಿ ನಿಂತೇ ಯೋಚಿಸಿದೆ. ತುಂಬಿ ಹರಿಯುವುದು ಎಂದರೆ ನದಿಯಾಗುತ್ತದೆ. ಚೆಲ್ಲುವುದು ಎಂದರೆ ಕೈತಪ್ಪಾಗುತ್ತದೆ. ದಾದರ್ ದಾಟುವಾಗ 'ಉಕ್ಕು' ಎಂಬುದು ಹೊಳೆಯಿತು. ಹಾಲು ಉಕ್ಕುವಂತೆ ಸಂಖ್ಯೆಯೂ ಉಕ್ಕುತ್ತದೆ. ಅದನ್ನು ತಡೆಯುವವನು ಉಕ್ಕುತಡೆಯವನು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಮುಂಬಯಿ ಸೆಂಟ್ರಲ್ ಬರುವಷ್ಟರಲ್ಲಿ ನಾನು 'ತಜ್ಞ' ಎಂಬುದನ್ನೂ ಸೇರಿಸಿಕೊಂಡಿದ್ದೆ. ಪೂವಪ್ಪನವರು ಅದನ್ನು ಹಾಗೆಯೇ ಮೈಕಿನಲ್ಲಿ ಘೋಷಿಸಿದರು. ಭಾಷಣ ಹೇಗೆ ಮಾಡಿದೆನೋ ನೆನಪಿಲ್ಲ, ಕೊನೆಯ ಮಾತು ಮಾತ್ರ ನೆನಪಿದೆ. ಮುಗಿಸುವುದು ಹೇಗೆಂದು ತಿಳಿಯದೆ, ಎದೆಯುಬ್ಬಿಸಿ, "ಒಟ್ಟಿನಲ್ಲಿ, ನಾನಿರುವ ಕಡೆ ಯಾವುದೂ ಉಕ್ಕುವುದಿಲ್ಲ" ಎಂದೆ.

ಚಪ್ಪಾಳೆ ಬಿತ್ತು. ಅದು ಅಡಗುವ ಮೊದಲೇ ಅಡುಗೆಭಟ್ಟರು ಸೌಟು ಹಿಡಿದು ಮೆಟ್ಟಿಲ ಬಳಿ ಬಂದು ನಿಂತರು.

"ಅಣ್ಣಾ, ಒಮ್ಮೆ ಕೆಳಗೆ ಬನ್ನಿ. ಹಾಲನ್ನು ದೊಡ್ಡ ಉರಿಯಲ್ಲಿ ಬಿಟ್ಟು ಭಾಷಣ ಕೇಳಲಿಕ್ಕೆ ಬಂದಿದ್ದೆ."

"ಉಕ್ಕಿತಾ?" ಎಂದರು ಪೂವಪ್ಪನವರು.

"ಇಲ್ಲ. ಅದೇ ಹೇಳಲಿಕ್ಕೆ ಬಂದದ್ದು."

ಎಲ್ಲರೂ ನಕ್ಕರು. ಭಟ್ಟರು ನಗಲಿಲ್ಲ.

ನಗದ ಇನ್ನೊಬ್ಬರು ಹಿಂದಿನ ಸಾಲಿನಲ್ಲಿದ್ದರು. ಅವರು ಗುರಲಿಂಗಪ್ಪನವರು, ಅಫಜಲಪುರದ ಕಡೆಯವರು, ಸೆಂಟ್ರಿಂಗ್ ಕೆಲಸಕ್ಕೆ ಬಂದು ಈಗ ತಾವೇ ಕಂಟ್ರಾಕ್ಟರ್ ಆದವರು. ನಾನು ಬಾಡಿಗೆಗಿರುವ ಬಿಲ್ಡಿಂಗ್‌ನಲ್ಲೇ ಐದನೆಯ ಮಹಡಿಯ ಮನೆ ಕೊಂಡಿದ್ದರು. ಅವರ ಮಗಳು ಶಿವಕುಮಾರಿಗೆ ನನ್ನನ್ನು ಕೇಳುವ ಮಾತು ನಡೆದಿತ್ತು. ಊಟಕ್ಕೆ ಕೂತಾಗ ಪಕ್ಕಕ್ಕೆ ಬಂದರು.

"ಉಕ್ಕು ಅಂದ್ರ ನಮ್ಮ ಸ್ಲ್ಯಾಬಿನ ಕಬ್ಬಿಣದ ಸಳಿ ಏನ್ರಿ? ಸೈಟಿಗೆ ಎಷ್ಟು ದಿನದಿಂದ ಸಳಿ ಬಂದಿಲ್ಲ. ತಡದವರು ನೀವೇ ಏನು?"

"ಆ ಉಕ್ಕು ಅಲ್ಲರಿ ಕಾಕಾ. ಹಾಲು ಉಕ್ಕತದಲ್ಲ, ಆ ಉಕ್ಕು."

"ಹಂಗಾರ ಹಾಲು ಉಕ್ಕಲಾರದಂಗ ಮಾಡ್ತೀರಿ."

"ಹಾಲಲ್ಲರಿ, ಸಂಖ್ಯೆ."

"ಇರ್ಲಿ ಬಿಡ್ರಿ. ಮನಿಯೊಳಗ ಒಬ್ಬರು ಅಂಥವರು ಇದ್ರ ಛಲೋನೇ," ಎಂದು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡರು.

ಶಿವಕುಮಾರಿ ಪರೇಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಹಿರಿಯರ ಒಪ್ಪಿಗೆಯ ಮೇರೆಗೆ ಅಲ್ಲಿನ ಕ್ಯಾಂಟೀನಿನಲ್ಲಿ ನಾವಿಬ್ಬರೂ ಚಹಾ ಕುಡಿದಿದ್ದೆವು. ನನಗೆ ಅವಳು ಬಹಳ ಹಿಡಿಸಿದ್ದಳು. ಅವಳಿಗೆ ನಾನು ಹೇಗೆ ಎಂಬುದೇ ಪ್ರಶ್ನೆ. ಕೇಳಿದ್ದಕ್ಕೆ ಅವಳು ಕಪ್ಪು ಕೆಳಗಿಟ್ಟು, "ಸುನೋ, ನನಗ ಕನ್ನಡ ಬರ್ತದ, ಲೇಕಿನ್ ಅಟಕ್ ಅಟಕ್ ಕೆ, ತಡವರಿಸಿ. ಜವಾಬು ನಾನು ಕನ್ನಡದಾಗೇ ಕೊಡಾಕಿ. ಪಪ್ಪಾನ ವಾಸ್ತು ಆಗ್ಲಿ, ಉಸ್ ಕೆ ಬಾದ್" ಎಂದಿದ್ದಳು. ಅಂದಿನಿಂದ ನಾನು ಆ ವಾಸ್ತುವಿನ, ಎಂದರೆ ಗೃಹಪ್ರವೇಶದ, ದಿನಕ್ಕಾಗಿ, ಮನೆಯ ಯಜಮಾನರಿಗಿಂತ ಹೆಚ್ಚಾಗಿ, ಕಾಯುತ್ತಿದ್ದೆ.

ಆ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎರಡನೆಯ ಮಹಡಿಯಿಂದ ಐದನೆಯದಕ್ಕೆ ಮೆಟ್ಟಿಲು ಹತ್ತಿಯೇ ಹೋದೆ. ಲಿಫ್ಟಿನಲ್ಲಿ ಹೋದರೆ ಬೇಗ ತಲುಪಿಬಿಡುತ್ತೇನೆಂಬ ಹೆದರಿಕೆ. ಹೊಸ ಒಲೆಯ ಮೇಲೆ ಹೊಸ ಬೋಗುಣಿ. ಅದರ ಕೊರಳಿಗೆ ಅರಿಶಿನದ ಬೇರು ಕಟ್ಟಿತ್ತು. ಹಾಲು ಮೂಡಣಕ್ಕೆ ಉಕ್ಕಲಿ ಎಂದು ಆ ಕಡೆಗೆ ತುಸು ವಾಲಿಸಿ ಇಟ್ಟಿದ್ದರು. ಹಾಲು ಉಕ್ಕಿದರೇ ಮನೆ ಮನೆಯಾಗುವುದು. ಅಲ್ಲಿಯವರೆಗೆ ಅದು ಬರೀ ಸಿಮೆಂಟು. ಗುರಲಿಂಗಪ್ಪನವರ ಹೆಂಡತಿ ನೀಲಾಬಾಯಿಯವರು ಒಲೆ ಹೊತ್ತಿಸಿದರು. ಪೂಜೆಗೆ ಬಂದಿದ್ದ ಅಯ್ಯನವರು ಮಂತ್ರ ಹೇಳತೊಡಗಿದರು. ಹಾಲು ಕಾಯಿತು, ಏರಿತು.

"ಬಂತು ಬಂತು" ಎಂದರು ನೆರೆದವರು.

ಹಾಲು ಅಂಚಿಗೆ ಬಂತು. ಅಂಚಿಗಿಂತ ಬೆರಳುದ್ದ ಮೇಲೂ ಬಂತು. ಅಲ್ಲಿ ನಿಂತಿತು.

ಪಾರಿವಾಳದ ಎದೆಯಂತೆ ಉಬ್ಬಿದ ಬಿಳಿಯ ಗುಮ್ಮಟ, ಮೆಲ್ಲಗೆ ಉಸಿರಾಡುತ್ತಿದ್ದಂತಿತ್ತು. ಕೆಳಗೆ ನೀಲಿ ಉರಿ ಸದ್ದು ಮಾಡುತ್ತಿತ್ತು. ಒಂದು ಹನಿಯೂ ಕೆಳಗಿಳಿಯಲಿಲ್ಲ. ಅಯ್ಯನವರ ಮಂತ್ರ ಮುಗಿಯಿತು. ಮೊದಲಿನಿಂದ ಶುರುಮಾಡಿದರು. ಅದೂ ಮುಗಿಯಿತು. ಆಮೇಲೆ ಅವರು ಹೇಳಿದ್ದು ಮದುವೆಯ ಮಂತ್ರವೆಂದು ಹಿಂದಿನಿಂದ ಯಾರೋ ಗುರುತಿಸಿದರು.

"ಗ್ಯಾಸ್ ದೊಡ್ಡದು ಮಾಡು," ಎಂದರು ಗುರಲಿಂಗಪ್ಪನವರು.

"ದೊಡ್ಡದೇ ಅದರಿ," ಎಂದರು ನೀಲಾಬಾಯಿ.

"ಇನ್ನ ಸ್ವಲ್ಪ ವಾಲಸು."

ನೀಲಾಬಾಯಿ ಇಕ್ಕಳದಿಂದ ಬೋಗುಣಿಯನ್ನು ವಾಲಿಸಿದರು. ಬೋಗುಣಿ ವಾಲಿತು. ಹಾಲು ವಾಲಲಿಲ್ಲ. ಅದು ನೆಟ್ಟಗೇ ನಿಂತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಸೆರಗಿನಿಂದ ತನ್ನ ಕೂಸಿನ ಕಣ್ಣು ಮುಚ್ಚಿದಳು.

ಆಗ ಪೂವಪ್ಪನವರು, ಸಂಘದ ಪರವಾಗಿ ಶಾಲು ತಂದಿದ್ದವರು, ತುಂಬ ಅಭಿಮಾನದಿಂದ, "ನಮ್ಮ ಹೋಟೆಲಲ್ಲೂ ಹೀಗೇ ಆಯ್ತು. ಇವರು ಇದ್ದರಲ್ಲ, ಹಾಗೆ" ಎಂದು ನನ್ನನ್ನು ತೋರಿಸಿದರು.

ಇಡೀ ಮನೆ ನನ್ನ ಕಡೆ ತಿರುಗಿತು.

"ಉಕ್ಕುತಡೆ," ಎಂದು ಗುರಲಿಂಗಪ್ಪನವರು ಒಂದೊಂದೇ ಅಕ್ಷರ ತೂಗಿ ಹೇಳಿದರು. "ಶರಣಬಸಪ್ಪನವರ, ಸ್ವಲ್ಪ ಹೊರಗ ನಿಂದರ್ರಿ."

ಹೊರಗೆ ನಿಂತೆ. ಹಾಲು ಉಕ್ಕಲಿಲ್ಲ. ಕೆಳಗೆ ಹೋಗಿ ಗೇಟಿನಲ್ಲಿ ನಿಲ್ಲಲು ಹೇಳಿದರು. ಉಕ್ಕಲಿಲ್ಲ. ಸ್ಟೇಷನ್ನಿಗೆ ಹೋದೆ. ಫೋನಿನಲ್ಲಿ ಗುರಲಿಂಗಪ್ಪನವರು, "ನಿಂತೇ ಅದ. ಟ್ರೇನ್ ಹತ್ರಿ" ಎಂದರು. ಅಂಧೇರಿ ಬಂತು. "ನಿಂತೇ ಅದ." ದಾದರ್ ಬಂತು. "ನಿಂತೇ ಅದ." ಕೊನೆಗೆ ನಾನೇ ಫೋನ್ ಮಾಡಿದೆ.

"ಕಾಕಾ, ಚರ್ಚ್‌ಗೇಟ್ ಬಂತು. ಇದರ ಮುಂದ ಸಮುದ್ರ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಸಮುದ್ರದ ವಿಷಯದಲ್ಲಿ ಅವರು ಏನನ್ನು ಯೋಚಿಸಿದರೆಂದು ನಾನು ಕೇಳಲಿಲ್ಲ.

"ವಾಪಸ್ ಬರ್ರಿ," ಎಂದರು.

ನಾನು ಬರುವಷ್ಟರಲ್ಲಿ ಸಿಲಿಂಡರ್ ಮುಗಿದುಹೋಗಿತ್ತು. ಹಾಲು ತಾನಾಗಿ ಕೆಳಗಿಳಿದು ಕೂತಿತ್ತು. ಅಷ್ಟು ಹೊತ್ತು ಕುದಿದರೂ ಒಂದು ಚಮಚದಷ್ಟೂ ಕಡಿಮೆಯಾಗಿರಲಿಲ್ಲ. ಗುರಲಿಂಗಪ್ಪನವರು ಚಪ್ಪಲಿ ಮೆಟ್ಟಿ, ಹೆಂಡತಿ ಮಗಳನ್ನು ಕರೆದುಕೊಂಡು ಪರೇಲಿನ ಚಾಳ್‌ನಲ್ಲಿದ್ದ ಹಳೆಯ ಬಾಡಿಗೆ ಕೋಣೆಗೆ ಹೊರಟರು. ಬಾಗಿಲಲ್ಲಿ ಒಂದು ಮಾತು ಹೇಳಿದರು:

"ಹಾಲು ಉಕ್ಕೂಮಟ ಈ ಮನಿಗೆ ನಾ ಇರಾಕ ಬರಂಗಿಲ್ಲ. ಅಲ್ಲೀಮಟ ಮದಿವಿ ಮಾತೂ ಇಲ್ಲ."

ಅಪ್ಪನ ಹಿಂದೆ ಹೊರಟಿದ್ದ ಶಿವಕುಮಾರಿ ತಿರುಗಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಹೇಳಲಿಲ್ಲ.

ಸಂಜೆ ಕಾಲೇಜಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಅಲ್ಲಾಬಕ್ಷ ಈಗ ಕಾಂದಿವಲಿಯಲ್ಲಿ ಗ್ಯಾಸ್ ಒಲೆ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮರುದಿನವೇ ಅವನನ್ನು ಕರೆತಂದೆ. ಒಲೆಯನ್ನು ಬಿಚ್ಚಿ, ಊದಿ, ಕಿವಿಯಿಟ್ಟು ಕೇಳಿದ.

"ನೋಡ್ ಭಾಯ್, ಗ್ಯಾಸ್ ಬರೋಬರ್ ಅದ. ಬರ್ನರ್ ಬರೋಬರ್ ಅದ. ಹಾಲಿಗೇ ದಿಲ್ ಇಲ್ಲ." ಆಮೇಲೆ ನಾನು ಭಾಷಣದ ಸಂಗತಿ ಹೇಳಿದಾಗ ಅವನ ಮುಖ ಸಣ್ಣದಾಯಿತು. "ಬಾಯಿಂದ ಹಾಕಿದ್ದಿ ಅಂದ್ರ ಬಾಯಿಂದನೇ ತೆಗೀಬೇಕಾಗ್ತದ. ನನ್ನ ಕಡೆ ಅದನ್ನ ಬಿಚ್ಚೂ ಪಾನಾ ಇಲ್ಲ," ಎಂದು ಚೀಲ ಎತ್ತಿಕೊಂಡು, ಹಣ ಕೇಳುವುದನ್ನೂ ಮರೆತು ಹೋದ.

ಅಷ್ಟರಲ್ಲಿ ಸುದ್ದಿ ಮಹಡಿ ಮಹಡಿಗೆ ಇಳಿದಿತ್ತು. ಇಡೀ ಬಿಲ್ಡಿಂಗ್‌ನಲ್ಲಿ ಯಾರ ಮನೆಯ ಹಾಲೂ ಉಕ್ಕುತ್ತಿಲ್ಲವೆಂದು ಹೆಂಗಸರು ಕಂಡುಕೊಂಡರು. ನಾನಿರುವ ಕಡೆ ಎಂದರೆ ನಾನು ವಾಸವಿರುವ ಕಡೆ ಎಂದೂ ಆಗುತ್ತದೆ; ನಾನು ಚರ್ಚ್‌ಗೇಟಿಗೆ ಹೋದರೂ ನನ್ನ ಬಾಡಿಗೆ ಮನೆ ಇಲ್ಲೇ ಇತ್ತು. ನನಗೆ ಇದು ಮೊದಲೇ ತಿಳಿಯಲಿಲ್ಲ, ಏಕೆಂದರೆ ನಾನು ದಿನವೂ ಚಮಚ ಹಿಡಿದು ಒಲೆಯ ಮುಂದೆ ಕಾವಲು ನಿಲ್ಲುವವನು. ನನ್ನ ಮನೆಯಲ್ಲಿ ಹಾಲು ಎಂದೂ ಉಕ್ಕಿದ್ದೇ ಇಲ್ಲ. ಮೊದಲ ಕೆಲವು ದಿನ ನಾನು ಬಿಲ್ಡಿಂಗ್‌ಗೆ ದೇವರಾಗಿದ್ದೆ. ಹಾಲು ಒಲೆಗಿಟ್ಟು ಬಾಜಾರಿಗೆ ಹೋಗಿಬರುತ್ತಿದ್ದರು. ಲಿಫ್ಟಿನಲ್ಲಿ ನನಗೆ ಜಾಗ ಬಿಡುತ್ತಿದ್ದರು. ಸೊಸೈಟಿಯ ಸೆಕ್ರೆಟರಿ ವಿನೋದಿನಿಯವರು ಮಾತ್ರ ಎಚ್ಚರದ ಹೆಂಗಸು. ಹಾಲು ಉಕ್ಕದಿರುವ ಸೌಕರ್ಯಕ್ಕೆ ಸೊಸೈಟಿ ಜವಾಬ್ದಾರಿಯಲ್ಲವೆಂದು ನೋಟಿಸ್ ಬೋರ್ಡಿನಲ್ಲಿ ಹಾಕಿಸಿದರು. ಆಮೇಲೆ ನನ್ನನ್ನು ಟೆರೇಸಿಗೆ ಕರೆದರು.

"ಯೇ ದೇಖೋ," ಎಂದರು. "ಪಂಪ್ ಬಂದ್ ಕರನಾ ಭೂಲ್ ಗಯಾ ವಾಚ್‌ಮನ್."

ಪಂಪು ಇನ್ನೂ ಓಡುತ್ತಲೇ ಇತ್ತು, ಟ್ಯಾಂಕಿನ ಮುಚ್ಚಳ ತೆರೆದಿತ್ತು. ನೀರು ಅಂಚಿಗಿಂತ ಮೇಲೆ, ಗಾಜಿನ ದಪ್ಪ ಹಲಗೆಯಂತೆ, ಅಲುಗದೆ ನಿಂತಿತ್ತು. ಅಂಚಿನ ಮೇಲೆ ಒಂದು ಕಾಗೆ ಕೂತಿತ್ತು. ನೀರಿನ ಕಡೆ ನೋಡಿತು, ನಮ್ಮ ಕಡೆ ನೋಡಿತು, ಕುಡಿಯದೆ ಹಾರಿಹೋಯಿತು.

"ಪಾನೀ ಬಚತಾ ಹೈ, ಅಚ್ಛಾ ಹೈ," ಎಂದರು ವಿನೋದಿನಿಯವರು. ಆದರೆ ಅವರ ಕೈ ಮಂಗಳಸೂತ್ರವನ್ನು ಹಿಡಿದುಕೊಂಡಿತ್ತು.

ಕನ್ನಡದಲ್ಲಿ ಉಕ್ಕುವುದು ಹಾಲು ನೀರುಗಳಷ್ಟೇ ಅಲ್ಲವೆಂಬುದು ದಾದರ್ ದಾಟುವಾಗ ನನಗೆ ಹೊಳೆದಿರಲಿಲ್ಲ. ಅದು ತಿಳಿದದ್ದು ಸೊಸೈಟಿಯ ವಾರ್ಷಿಕ ಸಭೆಯಲ್ಲಿ. ಪಾರ್ಕಿಂಗಿನ ವಿಷಯ ಬಂತು. ಪ್ರತಿ ವರ್ಷ ಈ ವಿಷಯಕ್ಕೆ ಕುರ್ಚಿಗಳು ಮುರಿಯುತ್ತವೆ. ಅಂದೂ ನಾಲ್ಕಾರು ಜನ ಎದ್ದು ನಿಂತರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಬಾಯಿ ತೆರೆಯಿತು. ಸಿಟ್ಟು ತುಟಿಯವರೆಗೆ ಬಂತು. ಅಲ್ಲಿ ನಿಂತಿತು. ಎಲ್ಲರೂ ಬಾಯಿ ತೆರೆದುಕೊಂಡೇ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಬಿಲ್ಡಿಂಗ್‌ಗೆ ಯಾರಿಗೂ ಬೇಡದ ನೇರಳೆ ಬಣ್ಣ ಹೊಡೆಸುವ ಠರಾವು ಅಂದು ಅವಿರೋಧವಾಗಿ ಪಾಸಾಯಿತು.

ನಗುವೂ ಅಷ್ಟೇ. ಮಕ್ಕಳ ಕೆನ್ನೆ ಉಬ್ಬುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಸಂಜೆ ಅಂಗಳದಲ್ಲಿ ಓಡುವ ಕಾಲುಗಳ ಸಪ್ಪಳ ಮಾತ್ರ.

ಆ ವಾರ ಮೂರನೆಯ ಮಹಡಿಯ ಮೋನಪ್ಪನವರ ತಾಯಿ ತೀರಿಕೊಂಡರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು ಮೋನಪ್ಪನವರು. ತಾಯಿಯನ್ನು ಕೂಸಿನಂತೆ ನೋಡಿಕೊಂಡವರು. ಅಂತ್ಯಕ್ರಿಯೆ ಮುಗಿಸಿ ಬಂದು ನನ್ನ ಬಾಗಿಲು ತಟ್ಟಿದರು. ಅವರ ಎರಡೂ ಕಣ್ಣುಗಳಲ್ಲಿ ನೀರು ರೆಪ್ಪೆಯ ಅಂಚಿನವರೆಗೆ ತುಂಬಿ, ಅಂಚಿಗಿಂತ ಉಬ್ಬಿ, ನಿಂತಿತ್ತು. ಅದರ ಹಿಂದೆ ಕಣ್ಣುಗುಡ್ಡೆಗಳು ದೊಡ್ಡದಾಗಿ, ದೂರದಲ್ಲಿ ಕಾಣುತ್ತಿದ್ದವು.

"ಅಮ್ಮ ಹೋದರಲ್ಲ," ಎಂದರು. "ನನಗೆ ಅಳಲಿಕ್ಕೆ ಆಗುತ್ತಾ ಇಲ್ಲ. ನಿಮ್ಮ ಹತ್ತಿರ ಎಂಥದಾದರೂ ಬಟನ್ ಉಂಟಾ?"

ನಾನು ನೀರು ಕೊಟ್ಟೆ. ಅವರು ಕುಡಿದು, ಲೋಟ ತೊಳೆದಿಟ್ಟು ಹೋದರು.

ಮರುದಿನದಿಂದ ಲಿಫ್ಟಿನಲ್ಲಿ ನನಗೆ ಇನ್ನೂ ಹೆಚ್ಚು ಜಾಗ ಸಿಗತೊಡಗಿತು. ನಾನು ಹತ್ತಿದರೆ ಉಳಿದವರು ಇಳಿಯುತ್ತಿದ್ದರು.

ಒಂದು ಸಂಜೆ ಶಿವಕುಮಾರಿ ಬಂದಳು. ಮೆಟ್ಟಿಲಿನ ತಿರುವಿನಲ್ಲಿ, ಕಿಟಕಿಯ ಬಳಿ ನಿಂತಳು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು.

"ಸುನೋ. ಪಪ್ಪಾ ಏನರ ಅನ್ಲಿ. ಜವಾಬ್ ರೆಡಿ ಅದ. ಕನ್ನಡದಾಗೇ ಅದ. ಲೋಕಲ್‌ದಾಗ ಪ್ರಾಕ್ಟೀಸ್ ಮಾಡೀನಿ."

"ಹೇಳ್ರಿ," ಎಂದೆ.

"ನಾನು..." ಎಂದಳು. ಮಾತು ಬಂತು. ತುಟಿಯವರೆಗೆ ಬಂದದ್ದು ನನಗೆ ಕಾಣುತ್ತಿತ್ತು. ಅವಳ ಇಡೀ ಮುಖ ಅದರ ಹಿಂದೆ ನಡುಗುತ್ತಿತ್ತು. ಕಣ್ಣು ಅಗಲವಾದವು. ಏನೂ ಹೊರಗೆ ಬರಲಿಲ್ಲ.

"ಅಟಕ್ಯದೇನು?" ಎಂದೆ.

ಅವಳು ತಲೆಯಲ್ಲಾಡಿಸಿದಳು. "ಅಟಕಿಲ್ಲ. ನಿಂತದ."

ಬರೆದಾದರೂ ಕೊಡಿ ಎಂದೆ. ಅಲ್ಲೇ ಮೆಟ್ಟಿಲ ಮೇಲೆ ಮೊಬೈಲಿನಲ್ಲಿ ಬರೆಯಲು ಕೂತಳು. ನನ್ನ ಫೋನಿನಲ್ಲಿ ಅವಳ ಹೆಸರಿನ ಕೆಳಗೆ 'ಟೈಪಿಂಗ್' ಎಂಬುದು ಬಂತು. ಅವಳು ಎದ್ದುಹೋದ ಮರುದಿನವೂ ಅದು ಹಾಗೆಯೇ ಇತ್ತು. ಸಂದೇಶ ಬರಲಿಲ್ಲ. ಅದು ಹೌದೋ ಅಲ್ಲವೋ ಎಂದು ಮುಖ ನೋಡಿ ತಿಳಿಯುವ ಜಾಣ್ಮೆ ನನಗಿಲ್ಲ. ತುಂಬಿದ ಮುಖಗಳೆಲ್ಲ ಒಂದೇ ರೀತಿ ಕಾಣುತ್ತವೆ.

ಕೊನೆಗೆ ಗುರಲಿಂಗಪ್ಪನವರೇ ಬಂದು ನನ್ನನ್ನು ಐದನೆಯ ಮಹಡಿಗೆ ಕರೆಸಿದರು. ಜೊತೆಗೆ ನೀಲಾಬಾಯಿ, ಶಿವಕುಮಾರಿ, ಅಯ್ಯನವರು, ಹೊಸ ಸಿಲಿಂಡರ್. ಅಲ್ಲಾಬಕ್ಷನನ್ನು ವಿಚಾರಿಸಿಕೊಂಡು ಬಂದಿದ್ದರು. ಗುರಲಿಂಗಪ್ಪನವರ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ವಾಸ್ತುವಿನ ದಿನದಿಂದ ಬರಬೇಕಾದ ಸಿಟ್ಟೆಲ್ಲ ಅಲ್ಲೇ ನಿಂತಿದ್ದುದರಿಂದ ಅವರು ಬಹಳ ಮೆಲುದನಿಯಲ್ಲಿ ಮಾತಾಡುತ್ತಿದ್ದರು.

"ನೀವು ಬಾಯಿಂದ ಹಾಕಿದ್ದು ಬಾಯಿಂದ ತಗೀರಿ. ಈಗ ತಗೀರಿ."

"ತಗೀತೀನ್ರಿ ಕಾಕಾ. ಆದ್ರ ತಗದ್ರ ಏನಾಗ್ತದ ಅಂತ ಮೊದಲ ಹೇಳಬೇಕು," ಎಂದೆ. ಹೇಳದೆ ತೆಗೆಯುವುದು ನನ್ನ ಕೆಲಸದಲ್ಲಿ ದೊಡ್ಡ ತಪ್ಪು.

"ಏನಾಗ್ತದ? ಉಕ್ಕತದ."

"ಚಿಪ್ಪಿನ್ಯಾಗ ಹಂಗಿಲ್ರಿ. ಹಳೀ ಸ್ಕೂಟರಿನ ಮೀಟರ್ ನೋಡೀರಲ್ಲ, ಎಲ್ಲಾ ಒಂಬತ್ತು ಆದ ಮ್ಯಾಲ ಎಲ್ಲಾ ಸೊನ್ನಿ. ಉಕ್ಕಿದ್ದು ಹೊರಗ ಚೆಲ್ಲಂಗಿಲ್ಲ. ಪಾತ್ರೀನೇ ಸೊನ್ನಿ ಆಗ್ತದ. ಅದನ್ನ ತಡೀಲಿಕ್ಕೇ ನಾವು ಇರೋದು."

"ಖಾಲಿ ಆದ್ರ ಮತ್ತ ತುಂಬಿದ್ರಾತು ಯಪ್ಪಾ. ಅರ್ಧಾ ಲೀಟರ್ ಹಾಲು," ಎಂದರು ನೀಲಾಬಾಯಿ.

"ಹಾಲು ಒಂದೇ ಅಲ್ಲ ಕಾಕು. ಈ ಬಿಲ್ಡಿಂಗ್‌ನ್ಯಾಗ ಅಂಚಿಗೆ ಬಂದು ನಿಂತಿದ್ದು ಏನೇನದ, ಎಲ್ಲಾ."

ಹೇಳುತ್ತ ನಾನು ಶಿವಕುಮಾರಿಯ ಕಡೆ ನೋಡಿದೆ. ಉಳಿದವರಿಗೆ ಅರ್ಥವಾಗಲಿಲ್ಲ. ಅವಳಿಗಾಯಿತು. ತುಟಿಯ ಮೇಲೆ ಬೆರಳಿಟ್ಟುಕೊಂಡು ಒಂದು ಗಳಿಗೆ ನಿಂತಳು.

"ತಗೀರಿ," ಎಂದಳು. "ಐಸೇ ನಹೀ ಜೀ ಸಕ್ತೇ, ಹಿಂಗ ಬದುಕಾಕ ಆಗೂದಿಲ್ಲ. ಮೋನಪ್ಪಾ ಅಂಕಲ್‌ನ ಕಣ್ಣು ನೋಡ್ರಿ."

ನೀಲಾಬಾಯಿ ಒಲೆ ಹೊತ್ತಿಸಿದರು. ಅಯ್ಯನವರು ಈ ಸಾರಿ ಸರಿಯಾದ ಮಂತ್ರವನ್ನೇ ಹಿಡಿದರು. ಹಾಲು ಏರಿತು, ಅಂಚು ದಾಟಿ ಉಬ್ಬಿತು, ನಿಂತಿತು. ನಾನು ಅದರ ಮುಂದೆ ಹೋಗಿ ಕೈಕಟ್ಟಿ ನಿಂತೆ. ನನ್ನ ಉಸಿರು ತಾಗಿ ಅದರ ಕೆನೆ ಸುಕ್ಕುಗಟ್ಟಿತು.

"ನಾನು ತಜ್ಞ ಅಲ್ಲ," ಎಂದೆ. "ನಾನಿರುವ ಕಡೆ ಉಕ್ಕಲಿ."

ಹಾಲು ಕೂದಲೆಳೆಯಷ್ಟು ಮೇಲೆದ್ದಿತು. ಆಮೇಲೆ ಇರಲಿಲ್ಲ.

ಚೆಲ್ಲಲಿಲ್ಲ, ಇಳಿಯಲಿಲ್ಲ, ಹೊಗೆಯಾಗಲಿಲ್ಲ. ಬೋಗುಣಿ ಅಂಗಡಿಯಿಂದ ತಂದಾಗ ಇದ್ದಂತೆ ಒಣಗಿ, ಹೊಳೆಯುತ್ತಿತ್ತು. ಕೆಳಗೆ ಉರಿ ಇನ್ನೂ ಉರಿಯುತ್ತಿತ್ತು. ನೀಲಾಬಾಯಿ ಬರಿಗೈಯಿಂದ ಬೋಗುಣಿಯನ್ನು ಎತ್ತಿದರು. ತಣ್ಣಗಿದೆ ಎಂದರು. ಒಲೆಯ ಕೆಳಗಿನ ಕಲ್ಲನ್ನು ಸೆರಗಿನಿಂದ ಒರೆಸಿ ನೋಡಿದರು. ಸೆರಗು ಒಣಗಿತ್ತು.

ಟೆರೇಸಿನಿಂದ ವಾಚ್‌ಮನ್ ಕೂಗುವುದು ಕೇಳಿಸಿತು. ಟ್ಯಾಂಕಿನಲ್ಲಿ ನೀರಿಲ್ಲವಂತೆ.

ಗುರಲಿಂಗಪ್ಪನವರ ಮುಖದ ಇಟ್ಟಿಗೆ ಬಣ್ಣ ಹೋಗಿತ್ತು. ಅವರು ನನ್ನನ್ನು ನೋಡಿ, ಹೆಂಡತಿಯನ್ನು ನೋಡಿ, "ನಾ ಏನೋ ಸಿಟ್ಟೀಲೆ ಬಂದಿದ್ನಲ್ಲ. ಯಾಕ ಬಂದಿದ್ನಿ?" ಎಂದರು. ನಿಜವಾಗಿಯೂ ಕೇಳುತ್ತಿದ್ದರು.

ಇನ್ನು ಇದನ್ನು ಉಕ್ಕಿತು ಎನ್ನಬೇಕೋ ಉಕ್ಕಲಿಲ್ಲ ಎನ್ನಬೇಕೋ ಎಂಬ ಚರ್ಚೆ ಎದ್ದಿತು. ಬೋಗುಣಿಯಲ್ಲಿ ಹಾಲಿಲ್ಲದ್ದರಿಂದ ಉಕ್ಕಿದೆ ಎಂದರು ಅಯ್ಯನವರು. ನೆಲದ ಮೇಲೂ ಇಲ್ಲದ್ದರಿಂದ ಪೂರ್ತಿ ಉಕ್ಕಿದೆ ಎನ್ನಲು ಶಾಸ್ತ್ರದಲ್ಲಿ ಆಧಾರ ಹುಡುಕಬೇಕೆಂದರು. ನೀಲಾಬಾಯಿ ಬೋಗುಣಿಯನ್ನು ತೊಳೆಯಲು ಇಟ್ಟರು.

"ಪಾತ್ರ್ಯಾಗಿಂದ ಹೋತಿಲ್ಲ? ಹೋತು. ಮೂಡಣಕ್ಕ ಹೋತು ಅಂತನೇ ತಿಳಕೋರಿ. ಪರೇಲಿನ ಖೋಲಿ ನಾಳಿಗೆ ಖಾಲಿ ಮಾಡೂದದ. ನಾ ಇಲ್ಲೇ ಇರಾಕಿ," ಎಂದು ಚೀಲದಿಂದ ಲಟ್ಟಣಿಗೆ ತೆಗೆದು ಕಟ್ಟೆಯ ಮೇಲಿಟ್ಟರು. ಗೃಹಪ್ರವೇಶ ಆಯಿತು. ಅಂದು ಸಂಜೆ ಅವರು ಹೊಸದಾಗಿ ಇಟ್ಟ ಹಾಲು ಎಲ್ಲರ ಮನೆಯ ಹಾಲಿನಂತೆ ಉಕ್ಕಿ ಒಲೆಯನ್ನು ಆರಿಸಿತು. ಅವರು ಬೈದುಕೊಂಡು ಒರೆಸಿದರು.

ಅದಕ್ಕೆ ಮೊದಲು ನಾನು ಮೆಟ್ಟಿಲಿಳಿಯುವಾಗ ಮೂರನೆಯ ಮಹಡಿಯಲ್ಲಿ ಮೋನಪ್ಪನವರು ಬಾಗಿಲು ತೆರೆದು ನಿಂತಿದ್ದರು. ಕಣ್ಣುಗಳು ಒಣಗಿ, ಸ್ವಚ್ಛವಾಗಿದ್ದವು. "ಅಮ್ಮ ಹೋದ ವಾರ ತೀರಿಕೊಂಡರು," ಎಂದು, ಲೋಕಲ್ ಹೊರಟುಹೋಯಿತು ಎನ್ನುವಂತೆ ಹೇಳಿದರು. ಸ್ವಲ್ಪ ಹೊತ್ತು ಅದೇ ಮಾತನ್ನು ತಾವೇ ಕೇಳಿಸಿಕೊಳ್ಳುತ್ತ ನಿಂತರು. ಆಮೇಲೆ, "ನನಗೆ ಏನೋ ಆಗಬೇಕಿತ್ತಲ್ಲ?" ಎಂದರು. ನಾನು ಕೆಳಗಿಳಿದುಬಿಟ್ಟೆ. ಈಗಲೂ ಅವರು ಎದುರಾದರೆ ನನಗೆ ನಿಲ್ಲಲಾಗುವುದಿಲ್ಲ.

ಶಿವಕುಮಾರಿ ನನ್ನ ಹಿಂದೆಯೇ ಇಳಿದು ಬಂದಿದ್ದಳು. ಕಿಟಕಿಯ ಬಳಿ, ಅದೇ ತಿರುವಿನಲ್ಲಿ, ನನ್ನನ್ನು ದಿಟ್ಟಿಸಿ ನೋಡಿದಳು. ಮುಖ ತಿಳಿಯಾಗಿತ್ತು. ಅದರಲ್ಲಿ ನಾನು ಎಲ್ಲಿಯೂ ಇರಲಿಲ್ಲ.

"ನಾನು ನಿಮಗ ಏನೋ ಹೇಳೋದಿತ್ತು, ಹೈ ನಾ?"

"ಇತ್ತು."

"ಏನು?"

"ನನಗ ಗೊತ್ತಿಲ್ರಿ."

ಅವಳು ಬೆರಳಿನಿಂದ ತುಟಿಯನ್ನು ಮುಟ್ಟಿ ನೋಡಿಕೊಂಡಳು, ಕಳೆದ ಮೂಗುತಿಯನ್ನು ಹುಡುಕುವವಳಂತೆ. ಆಮೇಲೆ ನನ್ನ ಹೆಸರು ಕೇಳಿದಳು. ಹೇಳಿದೆ. ಏನು ಕೆಲಸ ಎಂದಳು. ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಎಂದೆ. "ಚಾಯ್ ಪಿಯೋಗೆ?" ಎಂದಳು. ಪರೇಲಿನ ಕ್ಯಾಂಟೀನಿನಲ್ಲಿ ಅದೇ ಮೇಜಿಗೆ ಕೂತು, ಮೊದಲಿನಿಂದ ಶುರುಮಾಡಿದೆವು.

ಮಳೆಗಾಲ ಕಳೆದ ಮೇಲೆ ಅವಳು ಒಪ್ಪಿದಳು. ಹಿಂದಿಯಲ್ಲಿ ಒಪ್ಪಿದಳು. ಮದುವೆಯಾಯಿತು. ನಾವು ಸುಖವಾಗಿಯೇ ಇದ್ದೇವೆ. ಅವಳು ಜಗಳವಾಡಿದರೆ ನಾಲ್ಕು ಮಹಡಿಗೆ ಕೇಳಿಸುತ್ತದೆ, ನಾನು ಅದನ್ನು ಕಣ್ಣುಮುಚ್ಚಿ ಕೇಳುತ್ತೇನೆ. ಕೆಲವು ಸಲ ಅನ್ನ ಬಡಿಸುತ್ತ ಕೈ ನಿಲ್ಲಿಸಿ, ಒಂದು ಮಾತು ನೆನಪಾಗುವಂತಿದೆ ಎನ್ನುತ್ತಾಳೆ. ನಾನೂ ಕೈ ನಿಲ್ಲಿಸುತ್ತೇನೆ. ನೆನಪಾಗುವುದಿಲ್ಲ.

ಆ ಹಾಲು ಎಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ. ಅಂದು ಮೆಟ್ಟಿಲಿನ ಮೇಲೆ ಕನ್ನಡದಲ್ಲಿ ಸಿದ್ಧವಾಗಿ ಬಂದಿದ್ದ ಉತ್ತರ ಹೌದು ಎಂಬುದಾಗಿತ್ತೋ, ಅಲ್ಲ ಎಂಬುದಾಗಿತ್ತೋ, ಅದೂ ಗೊತ್ತಿಲ್ಲ.